ಮಂಜಿ ಎಂಬ ಕುದುರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ. ಹೆತ್ತ ತಾಯಿಯ ಹೆಸರನ್ನು ಕುದುರೆಗೆ ಇಡುವ ಮಗನಿದ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಅದೂ ಹುಲ್ಲು ತಿನ್ನುವ ನಿಜವಾದ ಕುದುರೆಯಲ್ಲ, ಟಿವಿಯೊಳಗಿನ ಕುದುರೆ.

ನಂದೀಶ ನನ್ನ ಕಿರಿಯ ಮಗ. ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯಿಂದ ಯಾರೋ ಆಡಿ ಬಿಟ್ಟಿದ್ದ ಆಟದ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಜೋಡಿಸಿದ್ದ. ಅದರಲ್ಲಿದ್ದ ಆಟವೂ ಹಳೆಯದೇ. ಹಳೆಯ ಸಾಮಾನಿಗೆ ಯಾಕೆ ದುಡ್ಡು ಸುರಿದೆ ಎಂದು ನಾನು ಗದರಿದರೆ ನಕ್ಕಿದ್ದ.

"ಅವ್ವಾ, ಹಳೇದಾದ್ರೂ ಇದರಂಥಾದ್ದು ಮತ್ತ ಬಂದಿಲ್ಲಂತ ಆಡೋ ಮಂದಿ ಎಲ್ಲಾ ಅಂತಾರ. ಇದರಾಗ ಗುಡ್ಡ ಐತಿ, ಹೊಳಿ ಐತಿ, ಊರು ಅದಾವ. ಇದ ದಾರಿ ಹಿಡಿ ಅಂತ ಯಾರೂ ಹೇಳಂಗಿಲ್ಲ. ಎಲ್ಲಿಗಿ ಬೇಕಾದ್ರೂ ಹೋಗಬೌದು."

ಯುದ್ಧ ಮುಗಿಸಿದ ಒಬ್ಬ ಸವಾರ ದೂರದ ತನ್ನೂರಿಗೆ ಮರಳಿ ಹೊರಟಿದ್ದಾನೆ. ಅಷ್ಟೇ ಕಥೆ. ಆದರೆ ದಾರಿ ದೊಡ್ಡದು, ದಾರಿಯಲ್ಲಿ ಮಾಡುವ ಕೆಲಸ ಬೇಕಾದಷ್ಟು. ಶುರುವಿನಲ್ಲೇ ಕುದುರೆಗೆ ಹೆಸರು ಕೊಡು ಎಂದು ಆಟ ಕೇಳಿತಂತೆ. ಇವನು ಮಂಜಿ ಎಂದು ಕೊಟ್ಟ. ನನ್ನ ಹೆಸರು ಮಂಜವ್ವ. ಮಂಜಿ ಎಂದು ಕರೆಯುವವರು ಇಡೀ ಬೆಟಗೇರಿಯಲ್ಲಿ ನನ್ನ ಗಂಡ ಅಂದಾನಪ್ಪ ಒಬ್ಬರೇ. "ನಿನ್ನಂಗ ಒದಿತೈತಿ ಬೇ. ಆದ್ರ ಎಲ್ಲಿಗಿ ಬೇಕಾದ್ರೂ ಹೊತ್ಕೊಂಡ ಹೋಗ್ತೈತಿ" ಎಂದು ಮಗ ಹೇಳಿದಾಗ ಮಗ್ಗದಲ್ಲಿ ಕುಳಿತಿದ್ದ ನಾನು ಕೈಯಲ್ಲಿದ್ದ ಲಾಳಿಯನ್ನು ಅವನ ಕಡೆ ಬೀಸಿದ್ದೆ. ತಾಗಲಿಲ್ಲ. ಅಪ್ಪ ಮಗ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅದಾದ ಎರಡನೆಯ ಮಳೆಗಾಲದಲ್ಲಿ ನಂದೀಶನಿಗೆ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ನನ್ನ ಮಗ ಇಲ್ಲವಾದ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅವನು ಹೋದ ಮೇಲೆ ಮನೆಯಲ್ಲಿ ಎರಡು ಕೆಲಸ ಅರ್ಧಕ್ಕೆ ನಿಂತವು. ಒಂದು ಈ ಆಟ. ಇನ್ನೊಂದು ಅವನ ಮಗ್ಗ. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿವೆ. ಬಾಗಿಲ ಬದಿಯದು ಅವನದು. ಕಾಯಿಲೆ ಬೀಳುವ ಮುಂಚೆ ಅದಕ್ಕೆ ಹಸಿರು ನೂಲಿನ ಹಾಸು ಏರಿಸಿದ್ದ. ಸೀರೆಯ ಉದ್ದಕ್ಕೆ ಓಡುವ ಎಳೆಗಳೇ ಹಾಸು. ಒಮ್ಮೆ ಏರಿಸಿದರೆ ಮೂರು ನಾಲ್ಕು ಸೀರೆ ಇಳಿಯುತ್ತವೆ. ಆ ಹಾಸನ್ನು ಆಮೇಲೆ ನಾನೇ ಕುಳಿತು ನೇಯ್ದೆ. ಇನ್ನೊಂದೇ ಸೀರೆಯಷ್ಟು ಉಳಿದಾಗ ನನ್ನ ಕೈ ನಿಂತಿತು. ಮಗ್ಗದ ಮೇಲೆ ಚಾದರ ಹೊದಿಸಿ, ಇನ್ನೊಂದು ಮಗ್ಗಕ್ಕೆ ಹೋಗಿ ಕುಳಿತೆ. ಯಾಕೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಆಟವನ್ನು ಎತ್ತಿಕೊಂಡವಳು ಅವನ ಹೆಂಡತಿ ವಾಣಿಶ್ರೀ. ಲಕ್ಷ್ಮೇಶ್ವರದ ಹುಡುಗಿ. ಒಂದು ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಟಿವಿ ಮುಂದೆ ಕುಳಿತಳು. ಪೆಟ್ಟಿಗೆಯ ದೀಪ ಹೊತ್ತಿಕೊಂಡಿತು. ನಂದೀಶ ಬಿಟ್ಟುಹೋದ ಜಾಗದಲ್ಲೇ ಸವಾರ ಹೊಳೆಯ ದಂಡೆಯಲ್ಲಿ ನಿಂತಿದ್ದ. ಪಕ್ಕದಲ್ಲಿ ಕುದುರೆ ತಲೆ ಬಗ್ಗಿಸಿ ನೀರು ಕುಡಿಯುತ್ತಿತ್ತು.

"ಇಷ್ಟ ದಿನಾ ಹಿಂಗ ನಿಂತಿತ್ತೇನ ಅದು?" ಎಂದರು ಅಂದಾನಪ್ಪ. ಅವರ ದನಿ ಕೇಳಿ ನಾನು ಅಡುಗೆಮನೆಗೆ ಎದ್ದು ಹೋದೆ.

ಆಮೇಲೆ ಅದೇ ರೂಢಿಯಾಯಿತು. ಮಧ್ಯಾಹ್ನ ಸೊಸೆ ಆಡುವಳು, ಮಾವ ನೋಡುವರು. ಮೊದಮೊದಲು ಕುದುರೆಯನ್ನು ಗಿಡಕ್ಕೆ ಗುದ್ದಿಸುತ್ತಿದ್ದಳು, ಬರಬರುತ್ತಾ ಕೈ ಕುದುರಿತು. ಮೇಲಿನ ಮಹಡಿಯಲ್ಲಿದ್ದ ಹಿರಿಯ ಮಗ ಸೊಸೆಯೂ ಆಗಾಗ ಇಳಿದು ಬಂದು ಕೂರುತ್ತಿದ್ದರು. ನಾನು ಮಗ್ಗದಲ್ಲೇ ಇರುತ್ತಿದ್ದೆ, ಆದರೆ ಒಂದು ಕಣ್ಣು ಅತ್ತಲೇ. ಕುದುರೆಗೆ ಹೊತ್ತಿಗೆ ಸರಿಯಾಗಿ ಮೇವು ಹಾಕದಿದ್ದರೆ ಬೈಯುತ್ತಿದ್ದೆ. ನನ್ನ ಹೆಸರಿನ ಪ್ರಾಣಿ, ಉಪವಾಸ ಬೀಳಲು ನಾನೇಕೆ ಬಿಡಲಿ?

ಹೀಗೆ ಆಡುತ್ತಾ ಆಡುತ್ತಾ ಅವಳು ಕಡೆಯ ಘಟ್ಟಕ್ಕೆ ಬಂದಳು. ಹಿಮ ತುಂಬಿದ ಒಂದು ಕಣಿವೆ. ಅದರಾಚೆ ಸವಾರನ ಊರು. ಕಣಿವೆಯ ಬಾಯಿಗೆ ಹೋದ ಕೂಡಲೇ ಪರದೆಯ ಮೇಲೆ ಅಕ್ಷರ ಮೂಡಿದವು. ವಾಣಿ ಓದಿ ಹೇಳಿದಳು: ಇಲ್ಲಿಂದ ಮುಂದೆ ಹೋದರೆ ಹಿಂದಿರುಗಲಾಗದು, ಹೋಗುತ್ತೀಯಾ? ಈ ಆಟದ ಕಟ್ಟಳೆಯೇ ಹಾಗಂತೆ. ಕಣಿವೆ ದಾಟಿದರೆ ಅಲ್ಲಿಯವರೆಗಿನದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಶುರು ಮಾಡಿದರೆ ಹೊಸ ಸವಾರ, ಹೆಸರಿಲ್ಲದ ಹೊಸ ಕುದುರೆ.

ಅವಳು ಬೇಡ ಎಂದು ಒತ್ತಿ, ಕುದುರೆಯನ್ನು ತಿರುಗಿಸಿಕೊಂಡು ಕೆಳಗಿಳಿದಳು.

ಅಲ್ಲಿಂದ ಮುಂದೆ ಅವಳು ಆಡಿದ್ದು ಆಟವಲ್ಲ. ಸುಮ್ಮನೆ ತಿರುಗುವುದು. ಹೂವು ಕೀಳುವುದು, ಕುದುರೆಯ ಮೈ ತೊಳೆಯುವುದು, ಬಯಲಿನಲ್ಲಿ ಓಡಿಸಿ ಹೊತ್ತು ಮುಳುಗುವುದನ್ನು ನೋಡುತ್ತಾ ನಿಲ್ಲುವುದು. ನನಗೆ ತಡೆಯಲಾಗಲಿಲ್ಲ.

"ಅಲ್ಲವ್ವಾ, ಮುಗಸಬಾರದೇನ ಅದನ್ನ?"

"ಮುಗಸಿದ್ರ ಮುಗದ ಹೋಗ್ತೈತ್ರಿ ಅತ್ತಿ" ಎಂದಳು.

ಅವಳಿಗಿನ್ನೂ ಚಿಕ್ಕ ವಯಸ್ಸು, ಮಕ್ಕಳಿಲ್ಲ. ಸೀರೆಗೆ ಕುಚ್ಚು ಕಟ್ಟಿಕೊಂಡು, ನಮ್ಮ ಮುದಿ ಮುಖ ನೋಡಿಕೊಂಡು ಅವಳು ಸವೆಯುವುದು ನನಗೆ ಬೇಕಿರಲಿಲ್ಲ. ಮುಂಡರಗಿಯ ಶಿವಯೋಗಿಯ ವಿಷಯ ತೆಗೆದವಳು ನಾನೇ. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಹೆಂಡತಿ ತೀರಿಕೊಂಡಿದ್ದಾಳೆ, ಮಾತು ಕಡಿಮೆ. ಅವಳ ಅಪ್ಪ ಚನ್ನಬಸವಣ್ಣ ಒಪ್ಪಿದರು. ವಾಣಿ ಬಹಳ ದಿನಗಳ ಮೇಲೆ ಕಡೆಗೆ ಹೂಂ ಎಂದಳು. ದೀಪಾವಳಿ ಮುಗಿದ ಮೇಲೆ ಲಕ್ಷ್ಮೇಶ್ವರದಲ್ಲಿ ಉಡಿಕೆ ಎಂದು ನಿಶ್ಚಯವಾಯಿತು.

ಗಂಡ ಸತ್ತವಳ ಮರುಮದುವೆಗೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಓಲಗವಿಲ್ಲ, ಹಂದರವಿಲ್ಲ. ಹೊಸ ಗಂಡ ತಂದ ಸೀರೆಯನ್ನು ಉಟ್ಟರೆ ಮದುವೆಯಾದಂತೆ. ಅದಕ್ಕೆ ಮೊದಲು ಒಂದು ಪದ್ಧತಿ ಇದೆ. ಮೊದಲ ಗಂಡನ ಮನೆಯಿಂದ ಬಂದದ್ದನ್ನೆಲ್ಲ ಅವಳು ಹಿರಿಯರ ಎದುರು ಆ ಮನೆಗೇ ಒಪ್ಪಿಸಿ ಹೋಗಬೇಕು. ತಾಳಿ, ಬಂಗಾರ, ಕಾಲುಂಗುರ, ಎಲ್ಲ. ಒಂದು ಎಳೆಯನ್ನೂ ಒಯ್ಯುವಂತಿಲ್ಲ.

ಮಾತುಕತೆ ಮುಗಿದ ಮೇಲೆ ಶಿವಯೋಗಿ ತನ್ನ ಅಕ್ಕನೊಂದಿಗೆ ಬೆಟಗೇರಿಗೆ ಬಂದಿದ್ದ. ಚಹಾ ಕುಡಿಯುತ್ತಾ ಅವನ ಕಣ್ಣು ಟಿವಿಯ ಮೇಲೆ ಬಿತ್ತು. ಕುದುರೆ ಬಯಲಿನಲ್ಲಿ ನಿಂತಿತ್ತು. ಆರಿಸುವುದನ್ನು ವಾಣಿ ಮರೆತಿದ್ದಳು.

"ಯಾರು ಆಡ್ತಾರ್ರಿ ಇದನ್ನ?"

"ಅವರು ಆಡ್ತಿದ್ರು. ಈಗ ನಾ ಆಡ್ತೀನ್ರಿ" ಎಂದಳು ವಾಣಿ. "ಮುಗ್ಯಾಕ ಬಂದೈತಿ. ಮುಗಸಬೇಕೋ ಬಿಡಬೇಕೋ ತಿಳೀವಲ್ದು."

ಅವನು ಬಟ್ಟಲು ಕೆಳಗಿಟ್ಟ. "ಹಂಗಿದ್ರ ಪೆಟ್ಟಿಗಿ ತಗೊಂಡ ಬರ್ರಿ. ನಮ್ಮ ಮನ್ಯಾಗೂ ಟಿವಿ ಐತಿ. ಮುಗಸ್ರಿ, ಬಿಡ್ರಿ, ನಾ ಏನೂ ಕೇಳಂಗಿಲ್ಲ."

ಒಳ್ಳೆಯ ಮಾತೇ. ಆದರೆ ನನ್ನ ಮೈಯೆಲ್ಲ ಉರಿದುಹೋಯಿತು.

"ಅದು ಈ ಮನಿ ಹೊಸ್ತಿಲಾ ದಾಟಂಗಿಲ್ಲ. ಪದ್ಧತಿ ಗೊತ್ತಿಲ್ಲೇನ ನಿಮಗ? ನನ್ನ ಮಗ ತಂದದ್ದು ಇಲ್ಲೇ ಇರ್ತೈತಿ!"

ಶಿವಯೋಗಿಯ ಅಕ್ಕ ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಮುದುಕಿಗೆ ಒಂದು ಹಳೆಯ ಪೆಟ್ಟಿಗೆಯ ಮೇಲೂ ಆಸೆ ಎಂದುಕೊಂಡಳು. ಆಸೆಯೇ. ಆದರೆ ಅವಳು ತಿಳಿದ ಆಸೆಯಲ್ಲ. ಆ ಕುದುರೆಯ ಮೇಲೆ ನನ್ನ ಮಗ ಹತ್ತಿದ್ದ. ಬೇರೊಂದು ಊರಿನಲ್ಲಿ, ಬೇರೊಬ್ಬರ ಪಡಸಾಲೆಯಲ್ಲಿ ಅದು ಮುಗಿಯುವುದು ನನಗೆ ಬೇಡವಾಗಿತ್ತು. ಎಲ್ಲಿಯೂ ಮುಗಿಯುವುದೇ ಬೇಡವಾಗಿತ್ತು.

ಅವರು ಹೋದ ಮೇಲೆ ವಾಣಿ ರೊಟ್ಟಿ ಬಡಿಯಲು ಕುಳಿತಳು. ಬಡಿತದಲ್ಲೇ ಅವಳ ಸಿಟ್ಟು ಕೇಳುತ್ತಿತ್ತು.

"ತಾಳಿ ಕೊಡ್ತೀನಿ, ಬಂಗಾರ ಕೊಡ್ತೀನ್ರಿ. ಪೆಟ್ಟಿಗಿ ಇಟ್ಕೊಂಡ ನೀವೇನ ಮಾಡ್ತೀರಿ ಅತ್ತಿ? ಕುದ್ರಿಗಿ ಮೇವು ಹಾಕಾಕ ಬರ್ತೈತೇನ್ರಿ ನಿಮಗ?"

"ಬರೂದಿಲ್ಲ. ನಿಂತಿರಲಿ ಅದು ಹಂಗ. ನನ್ನ ಮಗ ನಿಲ್ಲಿಸಿ ಹೋಗ್ಯಾನ."

"ಅವರು ನಿಲ್ಲಿಸಿ ಹೋಗಿಲ್ರಿ." ಅವಳು ರೊಟ್ಟಿಯಿಂದ ಕೈ ತೆಗೆದಳು. "ಅವರಿಗೆ ಮುಗಸಾಕ ಆಗಲಿಲ್ಲ. ನಾ ಮುಗಸವಲ್ಲೆ, ಯಾಕಂದ್ರ ನನಗ ಅಂಜಿಕಿ. ನೀವು ಮಗ್ಗದ ಮ್ಯಾಲೆ ಚಾದರ ಹೊಚ್ಚಿದ್ದೂ ಅಂಜಿಕಿಗೇ. ಆ ಚಾದರ ತಗೀರಿ ಮದ್ಲ, ಆಮ್ಯಾಲೆ ನನಗ ಹೇಳ್ರಿ."

ಈ ಮನೆಗೆ ಬಂದಾಗಿನಿಂದ ಅವಳು ನನಗೆ ಹೀಗೆ ಎದುರು ಮಾತಾಡಿರಲಿಲ್ಲ. ಇನ್ನೊಂದು ದಿನವಾಗಿದ್ದರೆ ಬೀದಿಯವರಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದೆ. ಅವತ್ತು ಒಲೆಯ ಮುಂದೆ ಕುಳಿತು ಗಟ್ಟಿಯಾಗಿ ಅತ್ತೆ. ಅವಳೂ ಅತ್ತಳು. ರೊಟ್ಟಿ ಸೀದುಹೋಯಿತು.

ಮರುದಿನ ಬೆಳಿಗ್ಗೆ ಚಾದರ ತೆಗೆದೆ. ದೂಳು ಹಾರಿತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೆ, ಲಾಳಿ ಹಿಡಿದೆ, ಮುಂದೆ ಕೈ ಓಡಲಿಲ್ಲ. ನೂಲು ಸುತ್ತುತ್ತಿದ್ದ ಅಂದಾನಪ್ಪ ಎದ್ದು ಬಂದರು.

"ಯಾಕ ಮಂಜಿ?"

"ಇದೊಂದ ಸೀರಿ ಇಳಿಸಿದ್ರ ಅವನ ಹಾಸು ತೀರತೈತ್ರಿ. ಮಗ್ಗದಾಗ ಅವನ ಕೈ ಮುಟ್ಟಿದ್ದು ಒಂದೆಳಿನೂ ಉಳಿಯಂಗಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ನಿನಗೇನ ಹುಚ್ಚ ಹಿಡದೈತೇನ? ಎಂದರ ಹಾಸು ಪೂರಾ ತೀರಿಸೀವೇನ ನಾವು? ಕಡೀಗಿ ಗೇಣು ಬಿಡೂದಿಲ್ಲೇನ?"

ಹೌದಲ್ಲ! ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವಳು ನಾನು. ಹಾಸಿನ ಕಡೆಯ ಗೇಣನ್ನು ಯಾವ ನೇಕಾರನೂ ನೇಯುವುದಿಲ್ಲ. ಅದನ್ನು ಮಗ್ಗದಲ್ಲೇ ಬಿಟ್ಟು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತೇವೆ. ಕೆಚ್ಚುವುದು ಎನ್ನುತ್ತೇವೆ ಅದಕ್ಕೆ. ನಂದೀಶನ ಹಸಿರು ಹಾಸೂ ಅದರ ಹಿಂದಿನ ಹಾಸಿನ ತುದಿಗೆ ಕೆಚ್ಚಿದ್ದೇ, ಅದು ಅದರ ಹಿಂದಿನದಕ್ಕೆ, ಹೀಗೆಯೇ ನನ್ನ ಅತ್ತೆಯ ಕಾಲದವರೆಗೆ. ಇಷ್ಟು ಗೊತ್ತಿದ್ದವಳಿಗೆ ಮಗನ ಹಾಸು ಎಂದ ಕೂಡಲೇ ಕಸುಬೇ ಮರೆತುಹೋಗಿತ್ತು. ನನ್ನ ದಡ್ಡತನಕ್ಕೆ ನನಗೇ ನಗು ಬಂತು, ನಗುತ್ತಾ ನಗುತ್ತಾ ಎಳೆಗಳ ನಡುವೆ ಲಾಳಿ ಎಸೆದೆ.

ಸೀರೆ ಇಳಿಯಿತು. ಗಾಢ ಹಸಿರು ಮೈ, ಕೆಂಪು ದಡಿ. ಮಡಿಕೆ ಹಾಕುತ್ತಿರುವಾಗಲೇ ಶಿವಯೋಗಿ ಒಬ್ಬನೇ ಬಂದ. ಗದಗಿಗೆ ಪಂಪಿನ ಸಾಮಾನು ಕೊಳ್ಳಲು ಬಂದವನು ಇತ್ತ ಬಂದಿದ್ದನಂತೆ. ಹೋದ ಸಲ ನಾನು ಕಿರುಚಿದ್ದನ್ನು ಅವನು ಎತ್ತಲಿಲ್ಲ.

"ಉಡಿಕಿ ಸೀರಿ ನಾ ತರಬೇಕಲ್ರಿ ಅವ್ವಾರ. ಆ ಸೀರಿ ಕೊಡ್ತೀರೇನ್ರಿ?"

"ಇದು ನಂದೀಶನ ಹಾಸು" ಎಂದೆ. ದನಿ ಗಡುಸಾಗಿಯೇ ಬಂತು.

"ನಿಮ್ಮ ಯಜಮಾನ್ರು ಫೋನಿನ್ಯಾಗ ಹೇಳಿದ್ರು. ಅದಕ್ಕ ಕೇಳಾಕ ಬಂದೀನ್ರಿ. ಹಂಗ ಕೊಟ್ರ ಪದ್ಧತಿ ಮುರೀತೈತಿ, ಬ್ಯಾಡ. ನಾ ಕೊಂಡ್ರ ನಮ್ಮ ಮನಿ ಸೀರಿ ಆಗ್ತೈತಲ್ರಿ?"

ನಾನು ಗಂಡನ ಕಡೆ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು, ಕಣ್ಣು ತುಂಬಿದ್ದವು. ಪೂರ್ತಿ ಬೆಲೆ ಹೇಳಿದೆ, ಒಂದು ಪೈಸೆಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಅಷ್ಟರಮಟ್ಟಿಗೆ ಅದು ನಮ್ಮ ಮನೆಯ ಕೊಡುಗೆ ಆಗುತ್ತಿತ್ತು. ಅವನೂ ಚೌಕಾಸಿ ಮಾಡದೆ ಕೊಟ್ಟು, ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮನುಷ್ಯ ಒಳ್ಳೆಯವನು ಎಂದು ಅವತ್ತು ನನಗೆ ಖಾತ್ರಿಯಾಯಿತು.

ವಾಣಿ ಹೊರಡುವ ದಿನ ಬಂತು. ಚನ್ನಬಸವಣ್ಣ ಲಕ್ಷ್ಮೇಶ್ವರದಿಂದ ಟಂಟಂ ಆಟೋ ಮಾಡಿಕೊಂಡು ಬಂದರು. ಓಣಿಯ ಇಬ್ಬರು ಹಿರಿಯರು ಕಂಬಳಿಯ ಮೇಲೆ ಕುಳಿತರು. ವಾಣಿ ತಾಳಿ, ಬಂಗಾರ, ಕಾಲುಂಗುರಗಳನ್ನು ಹರಿವಾಣದಲ್ಲಿಟ್ಟು ನನ್ನ ಮುಂದೆ ಸರಿಸಿದಳು. ನಾನು ಮುಟ್ಟಿ ಪಕ್ಕಕ್ಕಿಟ್ಟೆ. ಪೆಟ್ಟಿಗೆಯೊಂದು ಉಳಿಯಿತು.

"ಅದನ್ನ ಕೊಡೂಕಿಂತ ಮದ್ಲ ಒಮ್ಮಿ ಆಡ್ತೀನ್ರಿ" ಎಂದಳು. "ಮುಗಸ್ತೀನಿ. ಅರ್ಧಾ ಬಿಟ್ಟ ಹೋದ್ರ ನಾ ಅಲ್ಲೂ ಅರ್ಧಾನ ಇರ್ತೀನಿ ಅತ್ತಿ. ನೀವು ಹೂಂ ಅನ್ರಿ."

ಹಿರಿಯರಿಗೆ ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹೂಂ ಅಂದೆ. ಬಾಯಿ ಅಂದಿತು, ಎದೆ ಅನ್ನಲಿಲ್ಲ.

ಅವಳು ಕುಳಿತಳು, ನಾವೆಲ್ಲ ಹಿಂದೆ ಕುಳಿತೆವು. ಮೊದಲು ಕುದುರೆಯನ್ನು ಹೊಳೆಗೆ ಒಯ್ದು ಮೈ ತೊಳೆದಳು, ಹೊಟ್ಟೆತುಂಬ ತಿನ್ನಿಸಿದಳು. ಬಯಲು ದಾಟಿಸಿ ನಿಧಾನವಾಗಿ ಗುಡ್ಡ ಹತ್ತಿಸಿದಳು. ಅಕ್ಷರ ಮೂಡಿದವು, ಹೋಗುತ್ತೀಯಾ? ಹೌದು ಎಂದು ಒತ್ತಿದಳು.

ಹಿಮ ಸುರಿಯತೊಡಗಿತು. ಕುದುರೆಯ ಕಾಲು ಜಾರುತ್ತಿತ್ತು. ಬಿದ್ದು, ಎದ್ದು, ಮತ್ತೆ ಬಿದ್ದಿತು. ಕಡೆಗೆ ಕಡಿದಾದ ಮಂಜುಗಡ್ಡೆಯ ಮೆಟ್ಟಿಲುಗಳ ಮುಂದೆ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಕುದುರೆ ಬರಲಾರದು. ಸವಾರ ಒಬ್ಬನೇ ನಡೆದು ಹೋಗಬೇಕು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ವಾಣಿ ಜೀನು ಬಿಚ್ಚಿದಳು, ಲಗಾಮು ತೆಗೆದಳು. ಸವಾರ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತ. ಮೇಲೆ ಮೂಲೆಯಲ್ಲಿ ಅದರ ಹೆಸರು ಕಾಣುತ್ತಿತ್ತು. ಮಂಜಿ.

ವಾಣಿ ಎದ್ದಳು. ರಿಮೋಟನ್ನು ತಂದು ನನ್ನ ಮಡಿಲಲ್ಲಿಟ್ಟಳು.

"ನನ್ನ ಕೈಲೆ ಆಗವಲ್ದ್ರಿ ಅತ್ತಿ. ನಿಮ್ಮನ್ನ ಬಿಟ್ಟ ನಾ ಹೆಂಗ ಹೋಗಲಿ?"

"ಯಾವ ಗುಂಡಿ?" ಎಂದೆ.

"ಇದು. ಒತ್ತಿ ಹಿಡೀಬೇಕ್ರಿ. ಬಿಟ್ರ ಅವರು ನಿಂತಬಿಡ್ತಾರ."

ಹೆಬ್ಬೆರಳಿನಿಂದ ಒತ್ತಿದೆ. ಸವಾರ ಕುದುರೆಯಿಂದ ಕೈ ತೆಗೆದು ಮೆಟ್ಟಿಲು ಹತ್ತತೊಡಗಿದ. ಕುದುರೆ ಒಮ್ಮೆ ಕೆನೆಯಿತು. ಆ ಸದ್ದಿಗೆ ನನಗೆ ತಿಳಿಯದಂತೆಯೇ ಬೆರಳು ಮೇಲೆದ್ದಿತು. ಅವನು ನಿಂತ. ನಿಂತು, ಹಿಂತಿರುಗಿ ಕುದುರೆಯ ಕಡೆ ನೋಡಿದ.

ನನ್ನ ಕಡೆಯೇ ನೋಡಿದ ಎನ್ನಿಸಿತು. ನಾನು ಬೆರಳು ಊರದಿದ್ದರೆ ಅವನು ಹಾಗೆಯೇ ನಿಂತಿರುತ್ತಿದ್ದ, ಇವತ್ತು, ನಾಳೆ, ಪೆಟ್ಟಿಗೆ ಕೆಡುವವರೆಗೆ. ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಆಸೆಯಾಯಿತು. ವಾಣಿಯನ್ನು ನೋಡಿದೆ. ಬರಿದಾದ ಕೊರಳು, ಬರಿದಾದ ಕಾಲ್ಬೆರಳು. ಅವಳೂ ನನ್ನ ಬೆರಳನ್ನೇ ನೋಡುತ್ತಾ ಕುಳಿತಿದ್ದಳು.

ಮತ್ತೆ ಒತ್ತಿದೆ. ಬಿಗಿಯಾಗಿ ಒತ್ತಿ ಹಿಡಿದೆ. ಅವನು ತಿರುಗಿ ಮೇಲೆ ನಡೆದ. ಸಣ್ಣಗಾದ, ಇನ್ನೂ ಸಣ್ಣಗಾದ. ದೂರದಲ್ಲಿ ಒಂದು ಮನೆಯ ದೀಪ ಕಂಡಿತು. ಬಾಗಿಲು ತೆರೆಯಿತು, ಅವನು ಒಳಗೆ ಹೋದ. ಪರದೆ ಬೆಳ್ಳಗಾಯಿತು.

"ಕುದ್ರಿ ಏನಾತು?" ಎಂದರು ಅಂದಾನಪ್ಪ, ಅಳುತ್ತಲೇ.

"ಇಲ್ಲೇ ಐತಲ್ರಿ" ಎಂದೆ.

ಟಂಟಂ ಓಣಿಯೊಳಗೆ ಬರುವುದಿಲ್ಲ, ಮುಖ್ಯ ರಸ್ತೆಯಲ್ಲಿ ನಿಂತಿತ್ತು. ಚನ್ನಬಸವಣ್ಣ ಮುಂದೆ ನಡೆದರು. ವಾಣಿ ನನ್ನ ಕಾಲು ಮುಟ್ಟಿ ಎದ್ದಳು. ಹೊಸ್ತಿಲು ದಾಟಿದವಳು ಬಾಗಿಲ ಹೊರಗೆ ನಿಂತುಬಿಟ್ಟಳು. ಯಾರಾದರೂ ಊರಿಗೆ ಹೊರಟರೆ ಹೋಗಿ ಬಾ ಎನ್ನುತ್ತೇವೆ. ಉಡಿಕೆಗೆ ಹೊರಟವಳಿಗೆ ಬಾ ಎನ್ನುವಂತಿಲ್ಲ, ಹೋಗು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟೆ.

"ನಡಿಯವ್ವಾ. ತಿರುಗಿ ನೋಡಬ್ಯಾಡ. ನಾ ಒತ್ತಿ ಹಿಡದೀನಿ."

ಅವಳು ನಡೆದಳು. ಓಣಿ ಮುಗಿಯುವವರೆಗೂ ತಿರುಗಿ ನೋಡಲಿಲ್ಲ. ನಾನು ಹೆಬ್ಬೆರಳನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು, ಟಂಟಂನ ಸದ್ದು ಕೇಳಿಸದಂತಾಗುವವರೆಗೆ ಅಲ್ಲೇ ನಿಂತಿದ್ದೆ.